ಎದುರಾಳಿಯ ಊರಿಗೆ ಹೋಗುವವರಿಗೆ ಕೆಲವು ಮಾತು

2006ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅವರ ಡೀನ್ ಕಚೇರಿಯಿಂದ ಒಂದು ಇ-ಮೇಲ್ ಬಂತು. ಅದು ಪಾಠಕ್ಕಾಗಲಿ ಪರೀಕ್ಷೆಗಾಗಲಿ ಸಂಬಂಧಿಸಿದ್ದಲ್ಲ. ಆ ತಿಂಗಳ 18ರ ಶನಿವಾರ ಮಿಷಿಗನ್ ತಂಡ ಪಕ್ಕದ ಒಹಾಯೊ ರಾಜ್ಯದ ಕೊಲಂಬಸ್ ನಗರಕ್ಕೆ ಹೋಗಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಎದುರು ಫುಟ್‌ಬಾಲ್ ಆಡುವುದಿತ್ತು. ಪಂದ್ಯ ನೋಡಲು ಹೊರಟ ಹುಡುಗ ಹುಡುಗಿಯರಿಗೆ ಆ ಪತ್ರದಲ್ಲಿ ಕೆಲವು ಬುದ್ಧಿಮಾತುಗಳಿದ್ದವು. ಗುಂಪು ಬಿಟ್ಟು ಓಡಾಡಬೇಡಿ. ಸಾಧ್ಯವಾದರೆ ಮಿಷಿಗನ್ ನಂಬರ್ ಪ್ಲೇಟ್ ಇಲ್ಲದ ಕಾರಿನಲ್ಲಿ ಹೋಗಿ. ನಮ್ಮ ತಂಡದ ಬಣ್ಣದ ಅಂಗಿ, ಟೊಪ್ಪಿಗಳನ್ನು ಆದಷ್ಟು ಕಡಿಮೆ ಮಾಡಿ, ಇಲ್ಲವೇ ಕ್ರೀಡಾಂಗಣದ ಒಳಗೆ ಹೋದ ಮೇಲೆ ಹಾಕಿಕೊಳ್ಳಿ. ಯಾರಾದರೂ ಕೆಣಕಿದರೆ ಉತ್ತರ ಕೊಡಲು ಹೋಗಬೇಡಿ. ಅಲ್ಲಿನ ಹೈ ಸ್ಟ್ರೀಟ್ ಕಡೆ ಸುಳಿಯಬೇಡಿ.

ಕರ್ಫ್ಯೂ ಹಾಕಿದ ಊರಿಗೆ ಹೊರಟವರಿಗೆ ಹೇಳುವಂತಿದೆ ಈ ಮಾತು. ಹೇಳಿದ್ದು ಒಂದು ವಿಶ್ವವಿದ್ಯಾಲಯ. ಯಾವ ಊರಿನ ಬಗ್ಗೆ ಹೇಳಿತೋ ಅದರಲ್ಲೂ ಇರುವುದು ಒಂದು ವಿಶ್ವವಿದ್ಯಾಲಯವೇ. ಎರಡರ ನಡುವಿನ ದಾರಿ ಸುಮಾರು ಮುನ್ನೂರು ಕಿಲೋಮೀಟರು. ಭಾಷೆ ಒಂದು, ಧರ್ಮ ಹೆಚ್ಚುಕಡಿಮೆ ಒಂದು, ತಿನ್ನುವ ಅನ್ನವೂ ಒಂದು. ಹೀಗಿದ್ದೂ ಒಂದು ಊರಿನ ಮಕ್ಕಳು ಇನ್ನೊಂದು ಊರಿಗೆ ಹೋಗುವಾಗ ಬಣ್ಣ ಮುಚ್ಚಿಕೊಂಡು ಹೋಗಬೇಕು ಎಂದರೆ, ಅದು ಆಟದ ಪುಟದಲ್ಲಿ ಓದಿ ಮರೆಯುವ ಸಂಗತಿಯಲ್ಲ ಎಂದು ನನಗನ್ನಿಸಿತು.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಓದುಗರ ಕಣ್ಣ ಮುಂದೆ ಬರುವ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಕಂದು ಚೆಂಡನ್ನು ಕೈಯಲ್ಲಿ ಅವುಚಿಕೊಂಡು, ಹೆಲ್ಮೆಟ್ಟು, ಭುಜಕವಚ ತೊಟ್ಟವರು ಒಬ್ಬರ ಮೇಲೊಬ್ಬರು ಬಿದ್ದು ಆಡುವ ಅಮೆರಿಕದ ಆಟ. ಆಡುವವರು ಕಾಲೇಜಿನ ವಿದ್ಯಾರ್ಥಿಗಳು. ಕಾಲೇಜು ಪಂದ್ಯ ಎಂದರೆ ನಾಲ್ಕು ಬೆಂಚು, ಒಂದು ಶಾಮಿಯಾನ ಎಂದುಕೊಳ್ಳಬೇಡಿ. ಮಿಷಿಗನ್ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್ ಪಟ್ಟಣದ ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 1,24,000. ಅಲ್ಲಿನ ಕ್ರೀಡಾಂಗಣದಲ್ಲಿ ಕೂರಬಹುದಾದವರು 1,07,601. ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದ ಕ್ರೀಡಾಂಗಣದಲ್ಲಿ 1962ರಿಂದ ಈಚೆಗೆ ಒಂದು ಪಂದ್ಯಕ್ಕೂ ಟಿಕೆಟ್ ಮಿಕ್ಕಿಲ್ಲವೆಂದು ಅಲ್ಲಿಯವರು ಲೆಕ್ಕವಿಟ್ಟಿದ್ದಾರೆ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಶನಿವಾರ ಬಂತೆಂದರೆ ಇಂಥ ಊರುಗಳಲ್ಲಿ ಮದುವೆ ದಿನ ಗೊತ್ತುಮಾಡುವವರೂ ಪಂದ್ಯದ ಪಟ್ಟಿ ನೋಡುತ್ತಾರಂತೆ. ಹನ್ನೆರಡು ಪಂದ್ಯಗಳಲ್ಲಿ ಸುಮಾರು ಅರ್ಧ ತಮ್ಮ ಊರಲ್ಲಿ, ಉಳಿದರ್ಧ ಎದುರಾಳಿಯ ಊರಲ್ಲಿ. ತಂಡ ಹೋದ ಕಡೆಗೆಲ್ಲ ಅದರ ಹಿಂದೆ ಸಾವಿರಾರು ಅಭಿಮಾನಿಗಳು ಕಾರು, ಬಸ್ಸು, ವಿಮಾನಗಳಲ್ಲಿ ಹೋಗುತ್ತಾರೆ.

ಹಾಗೆ ಹೋಗುವವರಿಗೆ ಹೇಳುವ ಸಲಹೆಗಳಲ್ಲಿ ಬಹುಪಾಲು ಸಾದಾ ವ್ಯವಹಾರದ ಮಾತು. ತಿಂಗಳುಗಟ್ಟಲೆ ಮೊದಲೇ ಕೋಣೆ ಹಿಡಿದಿಡಿ, ಏಕೆಂದರೆ ಪಂದ್ಯದ ವಾರ ಹೋಟೆಲಿನವರು ಬಾಡಿಗೆ ಏರಿಸುತ್ತಾರೆ, ಅನೇಕ ಕಡೆ ಎರಡು ರಾತ್ರಿಯ ದುಡ್ಡು ಕಡ್ಡಾಯ. ಇಲ್ಲವೇ ಐವತ್ತು ಮೈಲಿ ಆಚೆಯ ಊರಲ್ಲಿ ಉಳಿದು ಬೆಳಿಗ್ಗೆ ಬೇಗ ಹೊರಡಿ. ಕಾರು ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಆನ್ ಆರ್ಬರ್‌ನಲ್ಲಿ ಕ್ರೀಡಾಂಗಣದ ಎದುರಿನ ಹೈಸ್ಕೂಲಿನ ಬಯಲು, ಸುತ್ತಲಿನ ಮನೆಗಳ ಹುಲ್ಲುಹಾಸು ಎಲ್ಲವೂ ಆ ದಿನ ಬಾಡಿಗೆಗೆ ಸಿಗುತ್ತವೆ. ಬಹಳಷ್ಟು ಕ್ರೀಡಾಂಗಣಗಳಲ್ಲಿ ಒಳಗಿದ್ದದ್ದು ಹೊರಗೆ ಕಾಣುವ ಪ್ಲಾಸ್ಟಿಕ್ ಚೀಲವನ್ನು ಮಾತ್ರ ಬಿಡುತ್ತಾರೆ. ದಕ್ಷಿಣದ ರಾಜ್ಯಗಳ ಎಸ್‌ಇಸಿ ಒಕ್ಕೂಟದಲ್ಲಿ 2017ರಿಂದ ಈ ನಿಯಮವಿದೆ, ಅಳತೆ ಹನ್ನೆರಡು ಇಂಚು, ಆರು ಇಂಚು, ಹನ್ನೆರಡು ಇಂಚು. ಛತ್ರಿ ತರಬೇಡಿ, ಮಳೆಯಂಗಿ ತನ್ನಿ. ಎಷ್ಟೋ ಕಡೆ ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಗದ್ದಲದ ವಸ್ತುಗಳಿಗೂ ಕಾನೂನಿದೆ. ಮಿಸಿಸಿಪ್ಪಿ ಸ್ಟೇಟ್ ತಂಡದವರು ಹಸುವಿನ ಕೊರಳ ಗಂಟೆ ಬಾರಿಸುತ್ತಾರೆ. ಒಕ್ಕೂಟ 1974ರಲ್ಲಿ ಅದನ್ನು ನಿಷೇಧಿಸಿತು, ಅವರು ಕದ್ದು ತರುತ್ತಲೇ ಇದ್ದರು, ಕೊನೆಗೆ 2010ರಲ್ಲಿ ಇಂತಿಂಥ ಹೊತ್ತಿನಲ್ಲಿ ಮಾತ್ರ ಬಾರಿಸಬಹುದೆಂದು ರಾಜಿಯಾಯಿತು. ಅತಿಥಿಯ ಕಿವಿಗೆ ಎಷ್ಟು ಗಂಟೆಯ ಸದ್ದು ನ್ಯಾಯ ಎಂದು ದೊಡ್ಡವರೆಲ್ಲ ಕೂತು ಚರ್ಚಿಸಿ ಬರೆದಿಟ್ಟ ಒಪ್ಪಂದ ಅದು.

ದುಡ್ಡಿನ ಮಾತೂ ಬರುತ್ತದೆ. ಬರುವ ಅತಿಥಿ ಊರಿಗೆ ಹಣ ತರುತ್ತಾನೆ, ಆದ್ದರಿಂದ ಅವನನ್ನು ಚೆನ್ನಾಗಿ ನೋಡಿಕೊಳ್ಳಿ ಎನ್ನುವ ವಾದ. 1977ರಲ್ಲಿ ಅಟ್ಲಾಂಟ ನಗರದ ಜಾರ್ಜಿಯ ಟೆಕ್ ವಿದ್ಯಾಲಯವು ಕ್ಲೆಮ್ಸನ್ ವಿಶ್ವವಿದ್ಯಾಲಯದೊಂದಿಗೆ ಆಟ ನಿಲ್ಲಿಸಲು ಹೊರಟಾಗ ಕ್ಲೆಮ್ಸನ್‌ನ ಅಭಿಮಾನಿಗಳು ಒಂದು ಉಪಾಯ ಮಾಡಿದರು. ಚಲಾವಣೆಯಲ್ಲಿ ಅಪರೂಪವಾದ ಎರಡು ಡಾಲರ್ ನೋಟುಗಳ ಮೇಲೆ ಕಿತ್ತಳೆ ಬಣ್ಣದಲ್ಲಿ ತಮ್ಮ ಹುಲಿಯ ಹೆಜ್ಜೆಯ ಮುದ್ರೆ ಒತ್ತಿ, ಅಟ್ಲಾಂಟದ ಹೋಟೆಲು ಅಂಗಡಿಗಳಲ್ಲಿ ಅದನ್ನೇ ಖರ್ಚು ಮಾಡಿದರು. ನಾವು ಬರದಿದ್ದರೆ ನಿಮ್ಮ ಗಲ್ಲಾಪೆಟ್ಟಿಗೆಗೆ ಎಷ್ಟು ನಷ್ಟ ನೋಡಿ ಎಂದು ತೋರಿಸಲು. ಇಂದಿಗೂ ಕ್ಲೆಮ್ಸನ್‌ನವರು ಪರ ಊರಿಗೆ ಹೋದಾಗ ಎರಡು ಡಾಲರ್ ನೋಟು ಒಯ್ಯುತ್ತಾರೆ. ಜಾಣತನದ ಕೆಲಸ, ಒಪ್ಪಿಕೊಳ್ಳಬೇಕು. ಆದರೆ ಕಾಸಿಗಾಗಿ ಕೊಡುವ ಮರ್ಯಾದೆ ಗಿರಾಕಿಗೆ ಸಲ್ಲುವಂಥದು. ಅತಿಥಿಗೆ ಸಲ್ಲಬೇಕಾದ್ದು ಬೇರೆ. ಜೇಬಿನಲ್ಲಿ ಏನೂ ಇಲ್ಲದೆ, ರೊಟ್ಟಿ ಕಟ್ಟಿಕೊಂಡು ಬಂದ ವಿದ್ಯಾರ್ಥಿಯೂ ಅತಿಥಿಯೇ.

ಮಿಷಿಗನ್ ಡೀನ್ ಕಚೇರಿಯ ಪತ್ರಕ್ಕೆ ಬರೋಣ. ಅದು ವಿನಾಕಾರಣ ಹುಟ್ಟಿದ್ದಲ್ಲ. 2002ರಲ್ಲಿ ಇದೇ ಮಿಷಿಗನ್ ತಂಡವನ್ನು ಸೋಲಿಸಿದ ರಾತ್ರಿ ಕೊಲಂಬಸ್‌ನ ವಿದ್ಯಾರ್ಥಿ ಬಡಾವಣೆಯಲ್ಲಿ ಕಾರುಗಳನ್ನು ಮಗುಚಿ ಬೆಂಕಿ ಹಚ್ಚಿದ್ದರು. ಸೋತದ್ದಕ್ಕಲ್ಲ, ಗೆದ್ದದ್ದಕ್ಕೆ! 1897ರಿಂದ ಆಡುತ್ತ ಬಂದ ಈ ಎರಡು ತಂಡಗಳಲ್ಲಿ 2006ರಲ್ಲಿ ಒಂದು ದೇಶಕ್ಕೇ ಮೊದಲನೆಯದು, ಇನ್ನೊಂದು ಎರಡನೆಯದು, ಎರಡೂ ಆ ವರ್ಷ ಒಮ್ಮೆಯೂ ಸೋತಿರಲಿಲ್ಲ. ಇಂಥ ಹೊತ್ತಿನಲ್ಲಿ ತನ್ನ ಮಕ್ಕಳ ಮೈಕೈ ಕಾಪಾಡಬೇಕಾದ ಅಧಿಕಾರಿ ಬೇರೇನು ಹೇಳಬೇಕಿತ್ತು? ನನ್ನ ಮನೆಯ ಮಗು ಹೊರಟಿದ್ದರೆ ನಾನೂ ಇಷ್ಟನ್ನೇ ಹೇಳುತ್ತಿದ್ದೆ. ಪ್ರಯಾಣಕ್ಕೆ ಹೊರಟವರಿಗೆ ಗುರುತು ಮುಚ್ಚಿಕೋ, ಮಾತಿಗೆ ಮಾತು ಬೆಳೆಸಬೇಡ ಎಂದು ಹೊಸಿಲಲ್ಲಿ ನಿಂತು ಹೇಳುವುದು ನಮ್ಮ ಓದುಗರಲ್ಲಿ ಎಷ್ಟೋ ಮನೆಗಳಿಗೆ ಪರಿಚಿತವಾದ ಮಾತೇ.

ಆದರೆ ಎಚ್ಚರಿಕೆಯ ಮಾತನ್ನು ನ್ಯಾಯದ ಮಾತೆಂದು ತಿಳಿಯಬಾರದು. ಮಳೆ ಬರುತ್ತದೆ, ಛತ್ರಿ ಹಿಡಿದುಕೋ ಎಂದಂತೆ ನಾವು ಇದನ್ನು ಹೇಳುತ್ತೇವೆ. ಮಳೆಗೆ ಮನಸ್ಸಾಕ್ಷಿ ಇಲ್ಲ, ಹೈ ಸ್ಟ್ರೀಟಿನಲ್ಲಿ ನಿಂತವನಿಗೆ ಇದೆ. ಇಂಥ ಸಲಹೆ ವರ್ಷ ವರ್ಷ ಕೊಡುತ್ತ ಹೋದರೆ ಮೆಲ್ಲಗೆ ಒಂದು ಅದಲುಬದಲು ನಡೆಯುತ್ತದೆ. ಹೊಡೆದವನನ್ನು ಕೇಳುವ ಬದಲು ಪೆಟ್ಟು ತಿಂದವನನ್ನು ಕೇಳುತ್ತೇವೆ: ಆ ಅಂಗಿ ಯಾಕೆ ಹಾಕಿಕೊಂಡು ಹೋಗಿದ್ದೆ?

ಇಂಗ್ಲಿಷಿನಲ್ಲಿ ಆತಿಥ್ಯ ಕೊಡುವವನನ್ನು 'ಹೋಸ್ಟ್' ಎನ್ನುತ್ತಾರೆ, ಹಗೆತನವನ್ನು 'ಹಾಸ್ಟಿಲಿಟಿ' ಎನ್ನುತ್ತಾರೆ. ಇವೆರಡೂ ಒಂದೇ ಬೇರಿನಿಂದ ಬಂದವು. ಲ್ಯಾಟಿನ್ನಿನ 'ಹೋಸ್ಟಿಸ್' ಎಂಬ ಶಬ್ದಕ್ಕೆ ಮೊದಲಿದ್ದ ಅರ್ಥ ಪರಕೀಯ, ಹೊರಗಿನವನು ಎಂದು. ಶತ್ರು ಎಂಬ ಅರ್ಥ ಆಮೇಲೆ ಅಂಟಿಕೊಂಡಿತು. ಬಾಗಿಲಲ್ಲಿ ನಿಂತ ಹೊಸಬನನ್ನು ಕಂಡ ಮನುಷ್ಯನಿಗೆ ಆದಿಯಿಂದಲೂ ಇದ್ದ ಗಲಿಬಿಲಿ ಆ ಮಾತಿನಲ್ಲೇ ಉಳಿದುಬಿಟ್ಟಿದೆ. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಬರೆದ ಶಾಶ್ವತ ಶಾಂತಿಯ ಕುರಿತ ಪ್ರಬಂಧದಲ್ಲಿ ಇದಕ್ಕೊಂದು ಲೆಕ್ಕಾಚಾರ ಹಾಕಿಕೊಟ್ಟ. ಪರ ನೆಲಕ್ಕೆ ಬಂದವನನ್ನು ಮನೆಯಲ್ಲಿಟ್ಟುಕೊಂಡು ಉಣಿಸಬೇಕೆಂದು ಯಾರೂ ಹಕ್ಕಿನಿಂದ ಕೇಳುವಂತಿಲ್ಲ. ಅದಕ್ಕೆ ಬೇರೆಯೇ ಸ್ನೇಹದ ಒಪ್ಪಂದ ಬೇಕು. ಆದರೆ ಶಾಂತವಾಗಿ ನಡೆದುಕೊಳ್ಳುವ ತನಕ, ಬಂದನೆಂಬ ಒಂದೇ ಕಾರಣಕ್ಕೆ ಅವನನ್ನು ಶತ್ರುವಿನಂತೆ ಕಾಣಬಾರದು. ಇದು ದಯೆಯಲ್ಲ, ಹಕ್ಕು ಎನ್ನುತ್ತಾನೆ ಕಾಂಟ್. ಬಂದುಹೋಗುವ ಹಕ್ಕು.

ಪಂದ್ಯಕ್ಕೆ ಬಂದವನ ಪ್ರಶ್ನೆ ಇದಕ್ಕಿಂತ ಒಂದು ಗಂಟು ಹೆಚ್ಚು ಬಿಗಿಯಾದದ್ದು. ಅವನು ಬರಿಯ ಹೊರಗಿನವನಲ್ಲ. ನಿಮ್ಮನ್ನು ಸೋಲಿಸಲೆಂದೇ ಬಂದವನು, ನಿಮ್ಮ ಕಣ್ಣೆದುರೇ ನಿಮ್ಮ ಸೋಲಿಗೆ ಚಪ್ಪಾಳೆ ತಟ್ಟುವವನು. ಅವನು ಏಕಕಾಲಕ್ಕೆ ಎದುರಾಳಿಯೂ ಹೌದು, ಮೆಹಮಾನನೂ ಹೌದು. ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ಸಾಧ್ಯವೇ? ಸಾಧ್ಯ, ಮತ್ತು ಆ ದೇಶದಲ್ಲೇ ಅದನ್ನು ಸಲೀಸಾಗಿ ಮಾಡುವ ಊರುಗಳಿವೆ.

ನನ್ನ ಅಕ್ಕನ ಮಗ 2012ರಿಂದ ಎರಡು ವರ್ಷ ಅಲಬಾಮ ರಾಜ್ಯದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲದ ಹುಡುಗ. ಹೋದ ಮೂರು ತಿಂಗಳಿಗೆ ಕಿತ್ತಳೆ-ನೀಲಿ ಅಂಗಿ ಕೊಂಡಿದ್ದ. 2013ರ ಸೆಪ್ಟೆಂಬರ್ 21ರಂದು ಆಬರ್ನ್ ತಂಡ ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿ ಎಲ್‌ಎಸ್‌ಯು ತಂಡದ ಎದುರು ಆಡಿತು. ಇವನು ಗೆಳೆಯರೊಂದಿಗೆ ಮಾಂಟ್ಗೊಮರಿ, ಮೊಬೀಲ್ ಮಾರ್ಗವಾಗಿ ಆರು ಗಂಟೆಗೂ ಮೀರಿ ಕಾರಿನಲ್ಲಿ ಕೂತು ಅಲ್ಲಿಗೆ ಹೋಗಿದ್ದ. ದಾರಿಯಲ್ಲಿ ಒಂದು ಕಡೆ ಪೆಟ್ರೋಲ್ ಹಾಕಿಸಲು ಇಳಿದಾಗ ಅಲ್ಲಿದ್ದವರು ಅವನ ಗಡ್ಡವನ್ನು ನೋಡಿದ ರೀತಿ ಅವನಿಗೆ ಹಿಡಿಸಲಿಲ್ಲ. ಮಾತು ಏನೂ ಆಡಲಿಲ್ಲ, ನೋಡಿದರು ಅಷ್ಟೆ. ಇಂಥ ನೋಟ ಅವನಿಗೆ ಅಭ್ಯಾಸವಾಗಿತ್ತು.

ಬ್ಯಾಟನ್ ರೂಜ್‌ನಲ್ಲಿ ಒಂದು ಪದ್ಧತಿ ಇದೆ. ಎದುರು ತಂಡದ ಬಣ್ಣ ತೊಟ್ಟವರು ಕಂಡರೆ ಸಾಕು, ಊರವರು ಮುಖಕ್ಕೇ 'ಟೈಗರ್ ಬೇಟ್, ಟೈಗರ್ ಬೇಟ್' ಎಂದು ಕೂಗುತ್ತಾರೆ. ಹುಲಿಗೆ ಇಟ್ಟ ಎರೆ ನೀವು ಎಂದು ಅರ್ಥ. (ಆಬರ್ನ್‌ನವರ ಲಾಂಛನವೂ ಹುಲಿಯೇ. ಹುಲಿಗೆ ಹುಲಿಯನ್ನೇ ಎರೆಯಾಗಿಡುವುದು ಹೇಗೆ ಎಂದು ಯಾರೂ ಕೇಳಿದಂತಿಲ್ಲ.) ಹುಡುಗ ಕಾರಿಳಿದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹತ್ತಾರು ಗಂಟಲುಗಳು ಒಟ್ಟಿಗೆ ಅವನ ಮೇಲೆ ಕೂಗಿದವು. ಅಲ್ಲಿ ಪಂದ್ಯಕ್ಕೆ ಮುಂಚೆ ಕಾರುಗಳ ಹಿಂಬಾಗಿಲು ತೆರೆದು, ಡೇರೆ ಹಾಕಿ, ಒಲೆ ಹೂಡಿ ಅಡುಗೆ ಮಾಡುತ್ತಾರೆ. ಟೇಲ್‌ಗೇಟಿಂಗ್ ಎನ್ನುತ್ತಾರೆ ಅದಕ್ಕೆ. ಕೂಗಿದ ಗುಂಪಿನಲ್ಲಿದ್ದ ಒಬ್ಬ ಹೆಂಗಸೇ ಕೈ ಬೀಸಿ ಕರೆದು, ತಟ್ಟೆ ತುಂಬ ಜಂಬಲಾಯ ಬಡಿಸಲು ಬಂದಳು. ಅಕ್ಕಿಯ ಜೊತೆಗೆ ಮಾಂಸ, ಮಸಾಲೆ ಹಾಕಿ ಒಂದೇ ಪಾತ್ರೆಯಲ್ಲಿ ಬೇಯಿಸುವ ಆ ಊರಿನ ಅಡುಗೆ. ಪರಿಮಳ ನಮ್ಮ ಬಿರಿಯಾನಿಯ ದೂರದ ಸಂಬಂಧಿಯಂತಿತ್ತಂತೆ. ಆದರೆ ಅದರಲ್ಲಿ ಹಂದಿಯ ಸಾಸೇಜಿತ್ತು. ಇವನು ಸಂಕೋಚದಿಂದ ಹೇಳಿದ. ಆಕೆ ಏಕೆ ಏನು ಎಂದು ಕೇಳದೆ, ತಟ್ಟೆ ವಾಪಸು ಇಟ್ಟು, ಬೇರೆ ಡೇರೆಯಿಂದ ಸೀಗಡಿಯ ಸಾರು, ಬಿಳಿ ಅನ್ನ ತರಿಸಿ ಕೊಟ್ಟಳು. ಸೀಗಡಿ ತಿನ್ನಬಹುದೇ ಬಾರದೇ ಎಂಬ ಚರ್ಚೆ ನಮ್ಮ ಮೌಲವಿಗಳ ನಡುವೆ ಇನ್ನೂ ಮುಗಿದಿಲ್ಲ. ಹುಡುಗ ಎರಡು ಸಲ ಹಾಕಿಸಿಕೊಂಡ.

ಆ ರಾತ್ರಿ ಸುರಿವ ಮಳೆಯಲ್ಲಿ ಆಬರ್ನ್ 21-35ರಿಂದ ಸೋತಿತು. ಫೋನಿನಲ್ಲಿ ಇದೆಲ್ಲ ಹೇಳುವಾಗ ಅವನು ಸೋಲಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ. "ಮಾಮು, ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನ್ನ ಅಂಗಿಗಾಗಿ ನನ್ನನ್ನು ಬೈದರು" ಎಂದ. ಅವನ ದನಿಯಲ್ಲಿ ಖುಷಿ ಇತ್ತು.

ಈ ಮಾತಿನ ಮೇಲೆ ನಾನು ಬಹಳ ದಿನ ಯೋಚಿಸಿದ್ದೇನೆ. ಪೆಟ್ರೋಲ್ ಬಂಕಿನಲ್ಲಿ ಯಾರೂ ಅವನನ್ನು ಬೈಯಲಿಲ್ಲ, ಆದರೂ ಅವನು ಅಲ್ಲಿ ಪರಕೀಯನಾಗಿದ್ದ. ಬ್ಯಾಟನ್ ರೂಜ್‌ನಲ್ಲಿ ನೂರು ಜನ ಬೈದರು, ಆದರೆ ಅಲ್ಲಿ ಅವನು ಅವರ ಆಟದೊಳಗಿನವನಾಗಿದ್ದ. ಅವರ ಕಣ್ಣಿಗೆ ಬಿದ್ದದ್ದು ಗಡ್ಡವಲ್ಲ, ಕಂದು ಮೈಯಲ್ಲ, ಕಿತ್ತಳೆ-ನೀಲಿ ಅಂಗಿ. ಆಬರ್ನ್‌ನವನು ಎಂದು ಬೈಯಬೇಕಾದರೆ ಮೊದಲು ಅವನನ್ನು ಆಬರ್ನ್‌ನವನು ಎಂದು ಒಪ್ಪಿಕೊಳ್ಳಬೇಕು. ಎದುರಾಳಿ ಎನ್ನಿಸಿಕೊಳ್ಳುವುದೂ ಒಂದು ಬಗೆಯ ಸ್ಥಾನಮಾನ. ಡೀನ್ ಕಚೇರಿಯ ಸಲಹೆಯಂತೆ ಅಂಗಿ ಬ್ಯಾಗಿನೊಳಗೆ ಇಟ್ಟುಕೊಂಡು ಹೋಗಿದ್ದರೆ ಬೈಗುಳ ತಪ್ಪುತ್ತಿತ್ತು, ಸೀಗಡಿ ಸಾರೂ ತಪ್ಪುತ್ತಿತ್ತು. ಮುಚ್ಚಿಕೊಂಡು ಹೋದವನು ಅಲ್ಲಿ ಎದುರಾಳಿಯೂ ಅಲ್ಲ, ಅತಿಥಿಯೂ ಅಲ್ಲ, ಜನಜಂಗುಳಿಯಲ್ಲಿ ಒಬ್ಬ.

ಇಲ್ಲೊಂದು ಮಾತು ಸೇರಿಸಬೇಕು. ಅಂಗಿಯನ್ನು ನಾವೇ ಆರಿಸಿಕೊಳ್ಳುತ್ತೇವೆ, ಸಾಯಂಕಾಲ ಕಳಚಿಡುತ್ತೇವೆ. ಮೈಬಣ್ಣವನ್ನು ಹಾಗೆ ಕಳಚಲಾಗದು, ಹೆಸರನ್ನೂ. ಆದ್ದರಿಂದ 'ಬಣ್ಣ ಮುಚ್ಚಿಕೊಂಡು ಹೋಗಿ' ಎಂಬ ಸಲಹೆ ಎಲ್ಲರಿಗೂ ಒಂದೇ ತೂಕದ್ದಲ್ಲ. ಮಿಸಿಸಿಪ್ಪಿ ವಿಶ್ವವಿದ್ಯಾಲಯ ಇರುವ ಆಕ್ಸ್‌ಫರ್ಡ್ ಊರಿನಲ್ಲಿ 'ದಿ ಗ್ರೋವ್' ಎಂಬ ಹತ್ತು ಎಕರೆಯ ಓಕ್ ತೋಪಿದೆ. ಪಂದ್ಯದ ದಿನ ಅಲ್ಲಿ ಡೇರೆಗಳೊಳಗೆ ತೂಗುದೀಪಗಳು, ಬೆಳ್ಳಿಯ ತಟ್ಟೆಗಳು, ಬಂದವರಿಗೆಲ್ಲ ಉಪಚಾರ. ಅಮೆರಿಕದ ಅತ್ಯುತ್ತಮ ಆತಿಥ್ಯ ಇಲ್ಲಿಯದೇ ಎನ್ನುವವರಿದ್ದಾರೆ. ಇದೇ ವಿಶ್ವವಿದ್ಯಾಲಯಕ್ಕೆ 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಒಬ್ಬ ಕಪ್ಪು ವಿದ್ಯಾರ್ಥಿ ಸೇರಲು ಬಂದಾಗ ದಂಗೆಯಾಗಿ ಇಬ್ಬರು ಸತ್ತರು, ಸೈನ್ಯ ಬರಬೇಕಾಯಿತು. ಅದಾದ ಎಷ್ಟೋ ವರ್ಷ ಅಲ್ಲಿನ ಕ್ರೀಡಾಂಗಣದಲ್ಲಿ ಗುಲಾಮಗಿರಿಯ ಪರವಾಗಿ ಹೋರಾಡಿದ ಒಕ್ಕೂಟದ ಬಾವುಟ ಸಾವಿರ ಸಾವಿರ ಸಂಖ್ಯೆಯಲ್ಲಿ ಬೀಸುತ್ತಿತ್ತು. 1997ರಲ್ಲಿ ಆಡಳಿತ ಒಂದು ಉಪಾಯ ಹುಡುಕಿತು. ಬಾವುಟವನ್ನು ನಿಷೇಧಿಸದೆ, ಕೋಲುಗಳನ್ನು ಒಳಗೆ ತರಬಾರದೆಂದಿತು. ಆ ಬಾವುಟಗಳ ಕೆಳಗೆ ತಮ್ಮ ತಂಡದ ಜೊತೆ ಬಂದು ಕೂತ ಕಪ್ಪು ಅಭಿಮಾನಿಗೆ ಯಾವ ಪ್ರಯಾಣ ಸಲಹೆ ಕೊಡಲು ಸಾಧ್ಯವಿತ್ತು? ಬೆಳ್ಳಿ ತಟ್ಟೆಯ ಉಪಚಾರಕ್ಕೂ ಬಾಗಿಲು ಯಾರಿಗೆ ತೆರೆದಿದೆ ಎಂಬುದಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನು ಆತಿಥ್ಯವನ್ನು ಹೊಗಳುವಾಗ ನೆನಪಿಟ್ಟುಕೊಳ್ಳಬೇಕು.

ಡಚ್ ಇತಿಹಾಸಕಾರ ಯೊಹಾನ್ ಹೌಜಿಂಗಾ 1938ರಲ್ಲಿ ಆಟದ ಬಗ್ಗೆ ಬರೆದ ಪುಸ್ತಕದಲ್ಲಿ, ಆಟ ನಡೆಯುವುದು ಕಾಲ ಮತ್ತು ಸ್ಥಳದ ಒಂದು ಗೆರೆಯೊಳಗೆ ಎನ್ನುತ್ತಾನೆ. ಗೆರೆಯೊಳಗೆ ಬೇರೆ ನಿಯಮ, ಹೊರಗೆ ಬೇರೆ ಬದುಕು. ಒಳಗೆ ಕೆಡವಿದವನನ್ನು ಹೊರಗೆ ಕೈಹಿಡಿದು ಎಬ್ಬಿಸುತ್ತೇವೆ. ಪರ ಊರಿನ ಪಂದ್ಯದಲ್ಲಿ ಎಲ್ಲ ತಂಟೆ ಬರುವುದು ಈ ಗೆರೆ ಎಲ್ಲಿದೆ ಎಂಬಲ್ಲಿ. ಮೈದಾನದ ಸುಣ್ಣದ ಗೆರೆಯೇ? ಕ್ರೀಡಾಂಗಣದ ಗೇಟೇ? ಊರಿನ ಗಡಿಯೇ? ಮಿಷಿಗನ್‌ನ ಪತ್ರದಲ್ಲಿ ಒಂದು ವಿಚಿತ್ರವಿದೆ, ಗಮನಿಸಿ. ಬಣ್ಣವನ್ನು ಕ್ರೀಡಾಂಗಣದ ಒಳಗೆ ತೋರಿಸಬಹುದು, ಬೀದಿಯಲ್ಲಿ ಬೇಡ. ಲಕ್ಷ ಎದುರಾಳಿಗಳ ನಡುವೆ ಕ್ಷೇಮ, ಹಾದಿಯ ಹತ್ತು ಜನರ ನಡುವೆ ಅಪಾಯ! ಒಳಗೆ ಆಟವಿದೆ, ಹೊರಗೆ ಆಟದ ಹೆಸರು ಮಾತ್ರ ಇದೆ.

ಗೆರೆಯೇ ಇಲ್ಲದವನು ಏನು ಮಾಡುತ್ತಾನೆ ಎಂಬುದನ್ನು ನನ್ನ ಸೋದರಳಿಯ ಆಬರ್ನ್‌ನಲ್ಲಿ ಕಣ್ಣಾರೆ ನೋಡಿದ. ಆ ಊರಿನ ಟೂಮರ್ಸ್ ಕಾರ್ನರ್ ಎಂಬ ಚೌಕದಲ್ಲಿ ಎರಡು ಹಳೆಯ ಓಕ್ ಮರಗಳಿದ್ದವು. ತಂಡ ಗೆದ್ದಾಗ ಜನ ಅವುಗಳ ಮೇಲೆ ಟಾಯ್ಲೆಟ್ ಕಾಗದದ ಸುರುಳಿ ಎಸೆದು ಕೊಂಬೆಗಳನ್ನೆಲ್ಲ ಬಿಳಿದು ಮಾಡುತ್ತಿದ್ದರು. ಈ ಪದ್ಧತಿ ಹುಟ್ಟಿದ್ದೇ ಪರ ಊರಿನ ಪಂದ್ಯಗಳಿಂದ ಎಂದು ಊರವರ ನಂಬಿಕೆ: ದೂರದ ಗೆಲುವಿನ ಸುದ್ದಿ ಮೂಲೆಯ ಔಷಧದಂಗಡಿಗೆ ತಂತಿಯಲ್ಲಿ ಬಂದಾಗ ಆ ತಂತಿಯ ಕಾಗದವನ್ನೇ ಹೊರಗೆ ಎಸೆಯುತ್ತಿದ್ದರಂತೆ. 2010ರ ನವೆಂಬರಿನಲ್ಲಿ ಆಬರ್ನ್ ತಂಡ ಎದುರಾಳಿ ಅಲಬಾಮ ತಂಡದ ಊರಿಗೇ ಹೋಗಿ, 24-0 ಹಿಂದಿದ್ದದ್ದು 28-27ರಿಂದ ಗೆದ್ದಿತು. ಅಲಬಾಮ ತಂಡದ ಒಬ್ಬ ಅಭಿಮಾನಿ, ಹಿಂದೆ ಪೊಲೀಸ್ ಕೆಲಸದಲ್ಲಿದ್ದ ಮುದುಕ, ಬಂದು ಆ ಮರಗಳ ಬುಡಕ್ಕೆ ಕಳೆನಾಶಕ ವಿಷ ಸುರಿದ. 2011ರ ಜನವರಿಯಲ್ಲಿ ರೇಡಿಯೊ ಕಾರ್ಯಕ್ರಮಕ್ಕೆ ತಾನೇ ಫೋನು ಮಾಡಿ ಹೇಳಿಕೊಂಡ. 2013ರ ಏಪ್ರಿಲ್‌ನಲ್ಲಿ ಮರಗಳನ್ನು ಕಡಿದರು. ಹುಡುಗ ಅಂದು ಕಳಿಸಿದ ಫೋಟೋ ನನ್ನ ಬಳಿ ಇದೆ. ದೊಡ್ಡವರು ಕಣ್ಣೊರಸಿಕೊಳ್ಳುತ್ತ ನಿಂತಿದ್ದಾರೆ.

ನನಗೆ ಆ ಮುದುಕನಿಗಿಂತ ಹೆಚ್ಚು ಮುಖ್ಯವೆನಿಸುವುದು ಆಮೇಲಿನ ಸಂಗತಿ. ವಿಷ ಹಾಕಿದ ಸುದ್ದಿ ಬಂದ ಕೂಡಲೇ ಅಲಬಾಮ ತಂಡದ ಅಭಿಮಾನಿಗಳೇ ಚಂದಾ ಎತ್ತಿ ಮರಗಳ ಆರೈಕೆಗೆಂದು ಆಬರ್ನ್‌ಗೆ ಹಣ ಕಳಿಸಿದರು. ಅವರು ಆಬರ್ನ್‌ನ ಮೇಲಿನ ಪೈಪೋಟಿ ಬಿಡಲಿಲ್ಲ. ಮುಂದಿನ ವರ್ಷ ಆ ತಂಡ ಸೋಲಲಿ ಎಂದು ಹಾರೈಸುತ್ತಲೇ ಅದರ ಮರ ಬದುಕಲಿ ಎಂದು ದುಡ್ಡು ಕೊಟ್ಟರು. ನಿಷ್ಠೆ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ವಿಷ ಸುರಿದವನನ್ನಲ್ಲ, ಇವರನ್ನು ತೋರಿಸುತ್ತೇನೆ. ಅವನಿಗೆ ತಂಡ ಬಹಳ ಬೇಕಾಗಿತ್ತು, ಇವರಿಗೆ ಅಷ್ಟು ಬೇಕಿರಲಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ.

ಇಷ್ಟು ಹೊತ್ತು ಮನೆಯವರ ಹೊಣೆ ಹೇಳಿದೆ. ಬಂದವನಿಗೂ ಹೊಣೆಯಿದೆ, ಅದರಲ್ಲೂ ಗೆದ್ದಾಗ. ಸೋತ ಅತಿಥಿಗೆ ಸಮಾಧಾನ ಹೇಳುವುದು ಯಾರಿಗೂ ಕಷ್ಟವಲ್ಲ. ಗೆದ್ದ ಅತಿಥಿ ಹೇಗೆ ಎದ್ದು ಹೋಗುತ್ತಾನೆ ಎಂಬುದು ಮುಖ್ಯ. 2024ರ ನವೆಂಬರ್ 30ರಂದು ಇದೇ ಕೊಲಂಬಸ್‌ನಲ್ಲಿ ಮಿಷಿಗನ್ 13-10ರಿಂದ ಗೆದ್ದಿತು. ಗೆದ್ದ ಆಟಗಾರರು ತಮ್ಮ ಬಾವುಟವನ್ನು ಮೈದಾನದ ನಟ್ಟನಡುವೆ, ಒಹಾಯೊ ತಂಡದ ಲಾಂಛನದ ಮೇಲೆ ನೆಡಲು ಹೋದರು. ಹೊಡೆದಾಟವಾಯಿತು, ಪೊಲೀಸರು ಖಾರದ ಸ್ಪ್ರೇ ಹೊಡೆದರು. ಬಿಗ್ ಟೆನ್ ಒಕ್ಕೂಟ ಇಬ್ಬರಿಗೂ ಲಕ್ಷ ಲಕ್ಷ ಡಾಲರ್ ದಂಡ ಹಾಕಿತು. ಒಹಾಯೊದ ಒಬ್ಬ ಶಾಸಕ ಹೀಗೆ ಬಾವುಟ ನೆಡುವುದನ್ನು ಕ್ರಿಮಿನಲ್ ಅಪರಾಧವನ್ನಾಗಿ ಮಾಡುವ ಮಸೂದೆಯನ್ನೂ ತಂದ. ಶಾಸಕರಿಗೆ ಎಲ್ಲ ಕಡೆಯೂ ಒಂದೇ ಬಗೆಯ ಬಿಡುವಿರುತ್ತದೆ ಎಂದು ತೋರುತ್ತದೆ. ಕಾನೂನು ಬೇಡ, ಆದರೆ ಊಟ ಹಾಕಿದವರ ಅಂಗಳದಲ್ಲಿ ಬಾವುಟ ನೆಡುವವನು ಗೆಲುವನ್ನು ದಿಗ್ವಿಜಯವೆಂದು ತಪ್ಪು ತಿಳಿದವನು. ಗೆಲುವು ಅಂಕಪಟ್ಟಿಯಲ್ಲಿದೆ, ನೆಲ ಅವರದೇ.

ದಂಡದ ವಿಷಯದಲ್ಲಿ ಎಸ್‌ಇಸಿ ಒಕ್ಕೂಟ 2023ರಲ್ಲಿ ಮಾಡಿದ ಒಂದು ಬದಲಾವಣೆ ನನಗೆ ಬಹಳ ಹಿಡಿಸಿತು. ಗೆದ್ದ ಹುರುಪಿನಲ್ಲಿ ಊರಿನ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರೆ ಆತಿಥೇಯ ವಿದ್ಯಾಲಯ ದಂಡ ಕಟ್ಟಬೇಕು. ಒಕ್ಕೂಟದ ಒಳಗಿನ ಪಂದ್ಯವಾದರೆ ಆ ದುಡ್ಡು ಹೋಗುವುದು ಬಂದ ತಂಡದ ವಿದ್ಯಾಲಯಕ್ಕೆ. 2024ರ ಅಕ್ಟೋಬರಿನಲ್ಲಿ ವ್ಯಾಂಡರ್‌ಬಿಲ್ಟ್ ತಂಡ ಅಲಬಾಮವನ್ನು 40-35ರಿಂದ ಸೋಲಿಸಿದಾಗ ನ್ಯಾಶ್‌ವಿಲ್ ನಗರದ ಜನ ಗೋಲುಕಂಬ ಕಿತ್ತು, ಬೀದಿಯಲ್ಲಿ ಮೆರವಣಿಗೆ ಮಾಡಿ, ಕಂಬರ್‌ಲ್ಯಾಂಡ್ ನದಿಗೆ ಹಾಕಿದರು. ಸಂತೋಷದ ಬೆಲೆ ಲಕ್ಷ ಡಾಲರ್, ಸಂದಾಯವಾದದ್ದು ಸೋತ ಅಲಬಾಮಕ್ಕೆ. ಮನೆಗೆ ಬಂದವರನ್ನು ಕ್ಷೇಮವಾಗಿ ಕಳಿಸಿಕೊಡದಿದ್ದರೆ ಸಾಲ ಅವರಿಗೇ ತೀರಿಸಬೇಕು ಎಂಬ ನ್ಯಾಯ ಇದರಲ್ಲಿದೆ. 2025ರಲ್ಲಿ ದಂಡವನ್ನು ಪ್ರತಿ ಸಲಕ್ಕೂ ಐದು ಲಕ್ಷ ಡಾಲರಿಗೆ ಏರಿಸಿದರು. ಬಂದ ತಂಡದವರು, ಅಂಪೈರುಗಳು ಮೈದಾನ ದಾಟಿ ಹೋಗುವ ತನಕ ಜನ ಕಾದರೆ ದಂಡ ಮನ್ನಾ ಆಗಬಹುದು. ಅತಿಥಿ ಹೊಸಿಲು ದಾಟಲಿ, ಆಮೇಲೆ ಕುಣಿಯಿರಿ.

2006ರ ಆ ಪಂದ್ಯದ ಹಿಂದಿನ ದಿನ, ಶುಕ್ರವಾರ, ಮಿಷಿಗನ್ ತಂಡದ ಹಳೆಯ ತರಬೇತುದಾರ ಬೋ ಶೆಂಬೆಕ್ಲರ್ ತೀರಿಕೊಂಡ. 1969ರಿಂದ ಇಪ್ಪತ್ತೊಂದು ಋತುಗಳಲ್ಲಿ ಮಿಷಿಗನ್ ತಂಡವನ್ನು ನಡೆಸಿದವನು, ಒಹಾಯೊದವರಿಗೆ ಅವನಷ್ಟು ಕಾಟ ಕೊಟ್ಟವರು ಕಡಿಮೆ. ಹುಟ್ಟಿದ್ದು ಒಹಾಯೊದಲ್ಲೇ. ಒಹಾಯೊ ಸ್ಟೇಟ್ ತಂಡದ ಹೆಸರಾಂತ ತರಬೇತುದಾರ ವುಡಿ ಹೇಯ್ಸ್‌ನ ಶಿಷ್ಯ, ಅವನ ಕೈಕೆಳಗೇ ಕೆಲಸ ಮಾಡಿದವನು. ಆಮೇಲೆ ಗುರುವಿನ ಎದುರೇ ಹತ್ತು ವರ್ಷ ಆಡಿಸಿದ. ಪಂದ್ಯದ ವಾರದಲ್ಲಿ ಕೊಲಂಬಸ್‌ನ ಆವರಣದ ಫಲಕಗಳಲ್ಲಿ 'ಎಂ' ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪಿನಿಂದ ಹೊಡೆದುಹಾಕುವುದು ಅಲ್ಲಿನ ಇತ್ತೀಚಿನ ರೂಢಿ, ಮಿಷಿಗನ್‌ನ ಮೊದಲಕ್ಷರವೆಂಬ ಕಾರಣಕ್ಕೆ. ಅಂಥ ಊರಿನಲ್ಲಿ, ನಂಬರ್ ಪ್ಲೇಟ್ ಮರೆಸಿಕೊಂಡು ಬನ್ನಿ ಎಂದು ಎಚ್ಚರಿಕೆ ಕೊಡಿಸಿಕೊಂಡ ಆ ಊರಿನಲ್ಲಿ, ಶನಿವಾರ ಪಂದ್ಯಕ್ಕೆ ಮೊದಲು ಒಂದು ಲಕ್ಷಕ್ಕೂ ಮೀರಿದ ಜನ ಎದುರಾಳಿಯ ಸತ್ತ ತರಬೇತುದಾರನಿಗಾಗಿ ಮೌನವಾಗಿ ನಿಂತರು. ಆಮೇಲೆ ಪಂದ್ಯ ಶುರುವಾಗಿ ಒಹಾಯೊ 42-39ರಿಂದ ಗೆದ್ದಿತು. ಹೀಗೆ ಮೌನ ನಿಲ್ಲಬಲ್ಲ ಊರಿಗೆ ಬಣ್ಣ ತೋರಿಸಿಕೊಂಡು ಬರಲು ಭಯಪಡಬೇಕಾದ್ದು ಯಾರಿಂದ? ಆ ಲಕ್ಷ ಜನರಿಂದ ಅಲ್ಲವೇ ಅಲ್ಲ. ಹೈ ಸ್ಟ್ರೀಟಿನ ಹತ್ತು ಜನರಿಂದ, ಮತ್ತು ಆ ಹತ್ತು ಜನ ಕೈ ಎತ್ತುವಾಗ ಪಕ್ಕಕ್ಕೆ ಸರಿದು ನಿಲ್ಲುವ ನೂರು ಜನರಿಂದ. ಪ್ರಯಾಣದ ಸಲಹೆ ಬರೆಯುವುದಾದರೆ ಮೊದಲು ಆ ನೂರು ಜನರ ವಿಳಾಸಕ್ಕೆ ಬರೆಯಬೇಕು.

ಅಯೋವ ರಾಜ್ಯದ ಅಯೋವ ಸಿಟಿಗೆ ಪಂದ್ಯ ನೋಡಲು ಹೋಗುವವರಿಗೆ ಮಾತ್ರ ನಾನು ಒಂದು ಸಲಹೆ ಕೊಡಬಲ್ಲೆ. ಅಲ್ಲಿನ ಕಿನ್ನಿಕ್ ಕ್ರೀಡಾಂಗಣ ಎದುರಾಳಿಯನ್ನು ಗೋಳುಹೊಯ್ದುಕೊಳ್ಳುವುದಕ್ಕೆ ಹೆಸರಾದದ್ದು. 1979ರಲ್ಲಿ ತರಬೇತುದಾರನಾಗಿ ಬಂದ ಹೇಡನ್ ಫ್ರೈ ಮನಶ್ಶಾಸ್ತ್ರ ಓದಿದವನು. ಬಂದ ತಂಡದವರ ಬಟ್ಟೆ ಬದಲಿಸುವ ಕೋಣೆಗೆ ಗುಲಾಬಿ ಬಣ್ಣ ಬಳಿಸಿದ, ಅವರ ಹುರುಪು ಇಳಿಯಲೆಂದು. ಆ ಗೋಡೆಗಳ ವಿಷಯವಾಗಿ ಅಲ್ಲಿ ಜಗಳಗಳಾಗಿವೆ, ಅದು ಬೇರೆ ಕತೆ. ಈ ಕ್ರೀಡಾಂಗಣದ ಪಕ್ಕದಲ್ಲೇ 2017ರಲ್ಲಿ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯ ಹೊಸ ಕಟ್ಟಡ ಎದ್ದಿತು. ಮೇಲಿನ ಮಹಡಿಯ ದೊಡ್ಡ ಗಾಜಿನ ಕಿಟಕಿಗಳಿಂದ ಮೈದಾನ ಕಾಣುತ್ತದೆ. ಕ್ಯಾನ್ಸರ್, ಹೃದಯದ ಕಾಯಿಲೆಗಳಿಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳು ಅಲ್ಲಿಂದ ಪಂದ್ಯ ನೋಡುತ್ತಾರೆ. ಆ ವರ್ಷದಿಂದ ಪ್ರತಿ ಪಂದ್ಯದಲ್ಲೂ ಮೊದಲ ಕಾಲುಭಾಗದ ಆಟ ಮುಗಿದ ಕೂಡಲೆ ಅರವತ್ತೈದು-ಎಪ್ಪತ್ತು ಸಾವಿರ ಜನ ಎದ್ದು, ಆಟಕ್ಕೆ ಬೆನ್ನು ಹಾಕಿದರೂ ಸರಿಯೆಂದು ಆಸ್ಪತ್ರೆಯತ್ತ ತಿರುಗಿ, ಕೈ ಬೀಸುತ್ತಾರೆ. ಆಟಗಾರರು ಬೀಸುತ್ತಾರೆ, ಅಂಪೈರುಗಳು ಬೀಸುತ್ತಾರೆ, ಗುಲಾಬಿ ಕೋಣೆಯಿಂದ ಬಂದ ಎದುರಾಳಿ ತಂಡದವರೂ ಅವರ ಅಭಿಮಾನಿಗಳೂ ತಮ್ಮ ತಮ್ಮ ಬಣ್ಣದ ಅಂಗಿಗಳಲ್ಲೇ ನಿಂತು ಬೀಸುತ್ತಾರೆ. ಕಿಟಕಿಯ ಮಕ್ಕಳು ತಿರುಗಿ ಕೈ ಬೀಸುತ್ತಾರೆ. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಆದ್ದರಿಂದ ಅಲ್ಲಿಗೆ ಹೋಗುವವರು ಮೊದಲ ಕಾಲುಭಾಗ ಮುಗಿಯುವ ಹೊತ್ತಿಗೆ ತಿಂಡಿಯ ಸಾಲಿನಲ್ಲಿ ನಿಂತಿರಬೇಡಿ. ಎರಡು ನಿಮಿಷ ಮುಂಚೆಯೇ ನಿಮ್ಮ ಜಾಗಕ್ಕೆ ಬಂದು ಕೂತಿರಿ.